ನೆಲದ ನೀರು, ಎತ್ತಿದ ನೀರು: ಗೋಲ್ಡ್‌ಫಿಶ್ ಹೇಳೋ ವಿಜಯಪುರದ ಕಥಿ

1/11
ಫೋಟೋ: ಹಿತ್ತಲ ಹೊಂಡದಾಗ ಐದು ಗೋಲ್ಡ್‌ಫಿಶ್, ಪಕ್ಕದಾಗ ಮಡಚಿಟ್ಟ ನೀಲಿ ಪೂಲ್

ಬ್ಯಾಸಗಿ ಬಂತಂದ್ರ ಈ ಪೇಜಿನ ಇನ್‌ಬಾಕ್ಸ್‌ನಾಗ ಒಂದೇ ಪ್ರಶ್ನೆ ಸುತ್ತಿ ಸುತ್ತಿ ಬರತೈತಿ. "ಹಿತ್ತಲದಾಗಿನ ಹೊಂಡ ಸೋರಾಕತ್ತೈತಿ. ಮೀನಗೋಳನ್ನ ಟೆರೇಸ್ ಮ್ಯಾಲಿನ ಸ್ವಿಮ್ಮಿಂಗ್ ಪೂಲಿಗೆ ಹಾಕಬಹುದೇನು?" ಅದೇ, ಹುಡುಗರಿಗೆ ಅಂತ ಆನ್‌ಲೈನ್‌ನಾಗ ತರಿಸೋ, ನೆಲದ ಮ್ಯಾಲೆ ನಿಲ್ಲಿಸೋ ಪೂಲ್.

ಉತ್ತರ ಎರಡು ಮಾತಿನಾಗ ಹೇಳಬಹುದು: ಪೂಲಿಗೆ ಹಾಕಬಹುದು, ಟೆರೇಸ್ ಮ್ಯಾಲೆ ಬ್ಯಾಡ. ಆದ್ರ ಇದು ಇತಿಹಾಸದ ಪೇಜು. ಇಲ್ಲಿ ಯಾಕ ಇದನ್ನ ಬರೀಬೇಕು ಅಂತೀರಿ?

ಯಾಕಂದ್ರ ನೆಲದಾಗಿನ ನೀರನ್ನ ಮ್ಯಾಲೆ ಎತ್ತಿ, ಅಲ್ಲಿ ಅದನ್ನ ಕೆಡದಂಗ ಉಳಿಸಿಕೊಳ್ಳೋ ಕೆಲಸಾನ ನಮ್ಮೂರು ನಾಲ್ಕುನೂರು ವರ್ಷದ ಹಿಂದೆ ಇಡೀ ನಗರದ ಮಟ್ಟದಾಗ ಮಾಡಿ ತೋರಿಸೈತಿ. ಆ ಕೆಲಸ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಅನ್ನೋದು ನಮ್ಮ ಕಣ್ಣ ಮುಂದ ಕಲ್ಲಿನಾಗ ನಿಂತೈತಿ. ಇನ್ನೊಂದು ಮಜಾ ಏನಂದ್ರ, ಗೋಲ್ಡ್‌ಫಿಶ್ ಅನ್ನೋ ಮೀನಿನ ಇತಿಹಾಸವೂ ಅದೇ. ಕೊಳದಿಂದ ತೊಟ್ಟಿಗೆ ಏರಿದ ಇತಿಹಾಸ.

ಈ ಹನ್ನೊಂದು ಭಾಗದಾಗ ನಾನು ಹೇಳಬೇಕಂದದ್ದು ಒಂದೇ ಮಾತು. ನೆಲದಾಗಿನ ನೀರಿಗೆ ಭೂಮಿ ಅರ್ಧ ಕಾವಲು ಕಾಯತೈತಿ. ಎತ್ತಿದ ನೀರಿಗೆ ಪೂರ್ತಿ ಕಾವಲು ನಾವೇ. ಸ್ವೈಪ್ ಮಾಡ್ಕೋತ ಬರ್ರಿ.

2/11
ಫೋಟೋ: ಕೆಂಪು-ಬಂಗಾರ ಬಣ್ಣದ ಸಾದಾ ಗೋಲ್ಡ್‌ಫಿಶ್, ಮೇಲಿನಿಂದ ತೆಗೆದದ್ದು

ಮೊದಲು ಮೀನಿನ ಮೂಲ. ಗೋಲ್ಡ್‌ಫಿಶ್ ಕಾಡಿನಾಗ, ನದಿಯೊಳಗ ತಾನಾಗೇ ಹುಟ್ಟಿದ ಬಂಗಾರದ ಮೀನಲ್ಲ. ಅದು ಗೆಂಡೆ ಮೀನಿನ ಬಳಗದ್ದು. ನಮ್ಮ ಕೆರೆಗೆ ಬಿಡೋ ಕಾಟ್ಲಾ, ರೋಹು, ಮೃಗಾಲಗಳಿಗೆ ದೂರದ ಸಂಬಂಧಿ. ಚೀನಾದ ಬೂದು-ಹಸಿರು ಬಣ್ಣದ ಒಂದು ಸಣ್ಣ ಗೆಂಡೆಯಲ್ಲಿ ಅಪರೂಪಕ್ಕೊಮ್ಮೆ ಕೆಂಪು, ಹಳದಿ ಮರಿ ಹುಟ್ಟುತ್ತಿತ್ತು. ನದಿಯಲ್ಲಿ ಅಂಥಾ ಮರಿ ಬಾಳುವುದು ಕಷ್ಟ. ಕೊಕ್ಕರೆಯ ಕಣ್ಣಿಗೆ ಮೊದಲು ಬೀಳುವುದು ಅದೇ.

ಅಂಥಾ ಮರಿಗಳನ್ನು ಬೌದ್ಧರು ವಿಹಾರದ ಕೊಳಗಳಿಗೆ ಬಿಡುತ್ತಿದ್ದರು. ಜೀವ ಉಳಿಸುವುದು ಪುಣ್ಯ ಅನ್ನುವ ನಂಬಿಕೆ. ಸಾಂಗ್ ರಾಜವಂಶದ (960–1279) ಕಾಲಕ್ಕೆ ಈ ಹವ್ಯಾಸ ಅರಮನೆಗೂ ಬಂತು. ಚಕ್ರವರ್ತಿ ಗಾವೋಜೊಂಗ್ 1162ರಲ್ಲಿ ಸಿಂಹಾಸನ ಬಿಟ್ಟು ಹಾಂಗ್‌ಝೌ ನಗರದ ಅರಮನೆಯಲ್ಲಿ ವಿಶ್ರಾಂತನಾದ. ಅಲ್ಲಿ ಬಂಗಾರ ಮೀನಿಗೇ ಅಂತ ಕೊಳ ಇತ್ತು.

ಅದೇ ಹೊತ್ತಿಗೆ ನಮ್ಮ ಕಡೆ ಏನು ನಡೆದಿತ್ತು? ಕಲ್ಯಾಣದಲ್ಲಿ ಬಿಜ್ಜಳ ಆಳುತ್ತಿದ್ದ. ನಮ್ಮ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರ ಕಾಲ ಅದು. ಅದಕ್ಕೂ ಒಂದು ತಲೆಮಾರು ಮುಂಚೆ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ (1126–1138) 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದಿದ್ದ. ಅದರಾಗ ಮತ್ಸ್ಯವಿನೋದ ಅಂತ ಒಂದು ಭಾಗವೇ ಐತಿ. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ಆಹಾರ ಅನ್ನೋ ವಿವರ ಎಲ್ಲಾ ಅಲ್ಲೈತಿ. ಅಂದ್ರ ಮೀನನ್ನ ನೋಡಿ ತಿಳ್ಕೊಳ್ಳೋ ಕುತೂಹಲ ಚೀನಾದವರದ್ದಷ್ಟೇ ಅಲ್ಲ. ನಮ್ಮ ಸೀಮಿಯ ದೊರೆಗೂ ಇತ್ತು.

3/11
ಫೋಟೋ: ಅಗಲ ಬಾಯಿಯ ಮಣ್ಣಿನ ತೊಟ್ಟಿಯೊಳಗ ಜೋಡಿ ಬಾಲದ ಮೀನು

ಸಾಂಗ್ ಕಾಲದ ಮೀನು ಕೊಳದ ಮೀನು. ಬಣ್ಣ ಬಿಟ್ಟರೆ ಆಕಾರ ಮೂಲ ಗೆಂಡೆಯದ್ದೇ: ಉದ್ದ ದೇಹ, ಒಂಟಿ ಬಾಲ, ಚುರುಕು ಈಜು. ದೊಡ್ಡ ಬದಲಾವಣೆ ಬಂದದ್ದು ಮಿಂಗ್ ರಾಜವಂಶದ (1368–1644) ಕಾಲದಲ್ಲಿ. ಆಗ ಜನ ಮೀನನ್ನು ಕೊಳದಿಂದ ಎತ್ತಿ ಮನೆ ಅಂಗಳದ ತೊಟ್ಟಿ, ಗಡಿಗೆಗಳಲ್ಲಿ ಸಾಕಲು ಶುರು ಮಾಡಿದರು. 1596ರಲ್ಲಿ ಝಾಂಗ್ ಚಿಯಾಂಡೆ ಅನ್ನುವವನು ತೊಟ್ಟಿಯಲ್ಲಿ ಸಾಕುವ ಕೆಂಪು ಮೀನಿನ ಬಗ್ಗೆಯೇ ಒಂದು ಪುಸ್ತಕ ಬರೆದ. ಆಗ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ್ (1580–1627) ಆಳುತ್ತಿದ್ದ. ಮೂರು ವರ್ಷಕ್ಕೆ, 1599ರಲ್ಲಿ, ತೊರವಿ ಹತ್ತಿರ ನವರಸಪುರ ಕಟ್ಟಲು ಶುರು ಮಾಡಿದ.

ತೊಟ್ಟಿಗೆ ಏರಿದ ಮೇಲೆ ಮೀನಿನ ದೇಹವೇ ಬದಲಾಯಿತು. ಕೊಳದಲ್ಲಿ ಮೀನು ತಾನೇ ಆಹಾರ ಹುಡುಕಬೇಕು, ಹಕ್ಕಿಯಿಂದ ತಪ್ಪಿಸಿಕೊಳ್ಳಬೇಕು. ಜೋಡಿ ಬಾಲದ್ದು, ಗುಡ್ಡೆಗಣ್ಣಿನದ್ದು, ಗುಂಡು ಹೊಟ್ಟೆಯದ್ದು ಅಲ್ಲಿ ಉಳಿಯುವುದಿಲ್ಲ. ತೊಟ್ಟಿಯಲ್ಲಿ ಶತ್ರು ಇಲ್ಲ, ಊಟ ಕೈಗೆ ಬರುತ್ತದೆ. ಅದಕ್ಕೇ ಅಂಥಾ ಮರಿ ಉಳಿದವು. ಜನ ಅವನ್ನೇ ಆರಿಸಿ ಬೆಳೆಸಿದರು. ಇವತ್ತು ಅಂಗಡಿಯಲ್ಲಿ ಸಿಗೋ ಫ್ಯಾನ್‌ಟೇಲ್, ಒರಾಂಡಾ, ಟೆಲಿಸ್ಕೋಪ್ ಎಲ್ಲವೂ ತೊಟ್ಟಿಯ ಮಕ್ಕಳು. ಗೋಲ್ಡ್‌ಫಿಶ್‌ನ ಈ ಚರಿತ್ರೆಯನ್ನು 20ನೇ ಶತಮಾನದಲ್ಲಿ ಚೀನಾದ ವಿಜ್ಞಾನಿ ಚೆನ್ ಝೆನ್ ವಿಸ್ತಾರವಾಗಿ ಬರೆದ.

ಇಲ್ಲೊಂದು ಪಾಠ ಹಿಡ್ಕೊಳ್ರಿ. ಮೀನು ಮ್ಯಾಲೆ ಏರಿದಷ್ಟೂ ಚಂದ ಆತು, ಆದ್ರ ಮನುಷ್ಯನ ಕೈ ಮ್ಯಾಲೆ ಅವಲಂಬನೆಯೂ ಹೆಚ್ಚಾತು. ಒಂದು ವಾರ ಯಾರೂ ನೋಡದಿದ್ರ ಕೊಳದ ಮೀನು ಬದುಕತೈತಿ. ಗಡಿಗಿಯ ಮೀನು ಬದುಕೋದು ಕಷ್ಟ.

4/11
ಫೋಟೋ: ತಾಜ್ ಬಾವಡಿಯ ಕಮಾನು, ಕೆಳಗ ಹಸಿರು ನೀರು

ಈಗ ನಮ್ಮೂರಿಗೆ ಬರೋಣು. ಮೊದಲು ನೆಲದ ನೀರು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ವಿಜಯಪುರಕ್ಕೆ ಜನ ಬಂದು ತುಂಬಿದರು. ಕೋಟೆಯೊಳಗೆ ಹೊಸ ಪೇಟೆ, ಹೊಸ ಓಣಿ. ಎಲ್ಲರಿಗೂ ನೀರು ಬೇಕು. ಆಗ ಮೊದಲನೇ ಅಲಿ ಆದಿಲ್ ಶಾಹ್ (1558–1580) ತನ್ನ ರಾಣಿ ಚಾಂದ್ ಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿ ಕಟ್ಟಿಸಿದ. ಅದರ ಅಳತೆ ಸುಮಾರು 2 ಕೋಟಿ ಲೀಟರ್ ಅಂತ ಹೇಳ್ತಾರ. ಮುಂದೆ 1620ರಲ್ಲಿ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ ಮಲಿಕ್ ಸಂದಲ್ ತಾಜ್ ಬಾವಡಿ ಕಟ್ಟಿಸಿದ. ಎರಡೂ ಕಡೆ ಗೋಪುರ, ನಡುವೆ ಭಾರೀ ಕಮಾನು, ಅದರ ಕೆಳಗೆ ನೀರಿಗೆ ಇಳಿಯೋ ಮೆಟ್ಟಿಲು, ಪಕ್ಕದಲ್ಲಿ ದಾರಿಹೋಕರು ತಂಗೋ ಕೋಣೆಗಳು.

ಹೊರಗ 42 ಡಿಗ್ರಿ ಸುಡೋ ಬಿಸಿಲಿದ್ದಾಗ ಬಾವಡಿಯ ಮೆಟ್ಟಿಲು ಇಳಿದು ನೋಡ್ರಿ, ಮೈಗೆ ತಂಪು ತಾಗತೈತಿ. ನೆಲದೊಳಗ ಆಳಕ್ಕೆ ಹೋದಂಗ ಬಿಸಿ-ತಂಪಿನ ಏರುಪೇರು ಕಡಿಮಿ. ಗೋಡೆ ನೆರಳು ಕೊಡತೈತಿ. ನೀರು ಸೋರಿ ಹೋಗಾಕ ಸುತ್ತ ಕಲ್ಲು ಬಿಡೂದಿಲ್ಲ, ಬುಗ್ಗಿಯಿಂದ ಹೊಸ ನೀರು ಬಂದು ಸೇರತೈತಿ. ಇದೇ ನಾನು ಅಂದ ಭೂಮಿಯ ಅರ್ಧ ಕಾವಲು.

ಉಳಿದರ್ಧ? ಚಾಂದ್ ಬಾವಡಿಯ ಸುತ್ತ ಕಟ್ಟಡಗಳಿದ್ದವು. ಮುಖ್ಯವಾಗಿ ಬಾವಡಿ ನೋಡಿಕೊಳ್ಳೋ ಕೆಲಸಗಾರರು ಇರಲಿಕ್ಕೆ. ನೀರಿನ ಪಕ್ಕದಾಗೇ ನೀರಿನ ಕಾವಲುಗಾರರ ಮನಿ. ಈ ಮಾತು ನೆನಪಿಡ್ರಿ, ಮುಂದೆ ಬೇಕಾಗತೈತಿ.

5/11
ಫೋಟೋ: ಮನೆಗಳ ನಡುವ ಒಂಟಿಯಾಗಿ ನಿಂತ ಗಂಜ್

ನಮ್ಮೂರಾಗ ಓಣಿ ನಡುವ, ಹೊಲದ ಬದುವಿಗೆ ಕಲ್ಲಿನ ಚೌಕ ಕಂಬದಂಗ ನಿಂತ ಗೋಪುರ ನೋಡಿರಬೇಕು. ಅದು ಕಾವಲು ಗೋಪುರ ಅಲ್ಲ, ಗೋರಿಯೂ ಅಲ್ಲ. ಅದು ಗಂಜ್. ನೀರಿನ ಗೋಪುರ.

ನಗರ ಬೆಳೆದ ಮೇಲೆ ಬಾವಡಿ ಸಾಲದಾಯಿತು. ಪಶ್ಚಿಮಕ್ಕೆ ತೊರವಿ ಕಡೆಯಿಂದ ನೆಲದಡಿ ಸುರಂಗ ಕೊರೆದು ನೀರು ತಂದರು. ನಡುನಡುವೆ ಗಾಳಿ-ಬೆಳಕಿಗೆ, ಹೂಳು ತೆಗೆಯಲಿಕ್ಕೆ ಬಾಯಿ ಬಿಟ್ಟಿದ್ದರು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಊರಿನ ದಕ್ಷಿಣಕ್ಕೆ ಜಹಾನ್ ಬೇಗಂ ನೆನಪಿಗೆ ಬೇಗಂ ತಾಲಾಬ್ ಕಟ್ಟಿಸಿದ. ಸುಮಾರು 234 ಎಕರೆ ಕೆರೆ. ಕೆರೆಯ ಪಕ್ಕದ ನೆಲಮಾಳಿಗೆಯಿಂದ ಮಣ್ಣಿನ ಕೊಳವೆ ಹೊರಡುತ್ತಿದ್ದವು. ಕೊಳವೆಗೆ ಸುತ್ತ ಗಾರೆ-ಕಲ್ಲಿನ ಹೊದಿಕೆ. ನೆಲದಿಂದ 15ರಿಂದ 50 ಅಡಿ ಆಳದಲ್ಲಿ ಅವು ಊರಿಗೆ ಬರುತ್ತಿದ್ದವು.

ಸುಟ್ಟ ಮಣ್ಣಿನ ಕೊಳವೆ ಎಷ್ಟು ಒತ್ತಡ ತಡೀತೈತಿ? ಹೆಚ್ಚೇನೂ ಇಲ್ಲ. ಅದಕ್ಕೇ ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಗಂಜ್ ಕಟ್ಟಿದರು. ಕೊಳವೆಯ ನೀರು ಗಂಜಿನೊಳಗೆ ಏರಿ, ಒತ್ತಡ ಇಳಿಸಿಕೊಂಡು, ಸಿಕ್ಕಿಕೊಂಡ ಗಾಳಿ ಬಿಟ್ಟು ಮುಂದೆ ಹೋಗಬೇಕು. ಹೋಗುವ ಮೊದಲು ಕೆಸರು ತಳಕ್ಕೆ ಕೂತು, ಮೇಲಿನ ತಿಳಿನೀರು ಮಾತ್ರ ಮುಂದಿನ ಕೊಳವೆಗೆ ಇಳಿಯುತ್ತದೆ. ನಿಮ್ಮ ಅಕ್ವೇರಿಯಂ ಫಿಲ್ಟರ್ ಮಾಡೋ ಕೆಲಸಾನ ಇಲ್ಲಿ ಕಲ್ಲು-ಸುಣ್ಣ ಮಾಡ್ತಿತ್ತು, ಕರೆಂಟ್ ಇಲ್ಲದ.

ಆದ್ರ ತಳಕ್ಕ ಕೂತ ಕೆಸರು ತಾನಾಗೇ ಎದ್ದು ಹೋಗೂದಿಲ್ಲ. ಯಾರರೆ ಇಳಿದು ತೆಗೀಬೇಕು. ವರ್ಷ ವರ್ಷ.

6/11
ಫೋಟೋ: ಇಬ್ರಾಹಿಂ ರೋಜಾದ ಕಟ್ಟೆ ಮ್ಯಾಲೆ ಎರಡು ಕಟ್ಟಡದ ನಡುವಿನ ಕೊಳ

ಈಗ ನಮ್ಮೂರಿನ ಖರೇ 'ನೆಲದ ಮ್ಯಾಲಿನ ಪೂಲ್' ನೋಡೋಣು.

ಇಬ್ರಾಹಿಂ ರೋಜಾಕ್ಕ ಟೂರ್ ಹೋದಾಗ ಎಲ್ಲರೂ ಮಿನಾರು, ಜಾಲಂದ್ರದ ಫೋಟೋ ತಗೀತಾರ. ಕಾಲಬುಡ ನೋಡೋರು ಕಡಿಮಿ. ಗೋರಿ, ಮಸೀದಿ ಎರಡೂ ಒಂದೇ ಎತ್ತರದ ಕಟ್ಟೆ ಮೇಲೆ ನಿಂತಿವೆ. ಆ ಕಟ್ಟೆಯ ಮೇಲೇ, ಎರಡರ ನಡುವೆ, ಕಾರಂಜಿ ಇದ್ದ ಕೊಳ ಇದೆ. ಅಂದರೆ ಕೊಳ ನೆಲಕ್ಕಿಂತ ಮೇಲೆ. ನೀರು ತಾನಾಗಿ ಅಲ್ಲಿಗೆ ಏರುವುದಿಲ್ಲ. ಏರಿಸಬೇಕು.

ಅಸಾರ್ ಮಹಲ್ (1646) ಮುಂದಿನ ದೊಡ್ಡ ಕೊಳಕ್ಕೆ ಬೇಗಂ ತಾಲಾಬದ ನೀರು ಬರುತ್ತಿತ್ತು. ಅರಕಿಲ್ಲೆಯೊಳಗಿನ ಜಲ ಮಂಜಿಲ್ ಸುತ್ತ ಒಮ್ಮೆ ನೀರೇ ನೀರು. ಸಿಂದಗಿ ರಸ್ತೆ ಹಿಡಿದು ಪೂರ್ವಕ್ಕ ಕುಮಟಗಿಗೆ ಹೋದ್ರ ಅಲ್ಲಿ ಆದಿಲ್ ಶಾಹಿಗಳ ಬೇಸಿಗೆ ಅರಮನೆ. ಚೌಕ ಕೊಳದ ನಡುವೆ ಮಂಟಪ, ಪಕ್ಕದಲ್ಲಿ ನೀರಿನ ಗೋಪುರ. ಗೋಪುರದ ಎತ್ತರದಿಂದ ಇಳಿದ ನೀರು ಕೊಳವೆಯೊಳಗೆ ಹಾದು ಮಂಟಪದಲ್ಲಿ ಮಳೆಯಂತೆ ಸುರಿಯುತ್ತಿತ್ತು. ಪಂಪ್ ಇಲ್ಲ, ಮೋಟಾರ್ ಇಲ್ಲ. ಎತ್ತರ ಒಂದೇ ಬಲ.

ಇದೆಲ್ಲ ಬರೇ ಶೋಕಿ ಅಂತ ಅನ್ನಬ್ಯಾಡ್ರಿ. ಬಿಸಿಲೂರಿನಾಗ ನೀರು ಆವಿಯಾದ್ರ ಗಾಳಿ ತಂಪಾಗತೈತಿ. ಹರಿಯೋ, ಚಿಮ್ಮೋ ನೀರು ಗಾಳಿಯ ಆಮ್ಲಜನಕ ಕುಡೀತೈತಿ, ವಾಸನಿ ಹಿಡಿಯೂದಿಲ್ಲ. ಕಾರಂಜಿ ನಿಂತ ಕೊಳ ಎರಡು ವಾರಕ್ಕ ಪಾಚಿ ಕಟ್ಟತೈತಿ. ಎತ್ತಿದ ನೀರನ್ನ ಓಡಾಡಿಸ್ತಾನೇ ಇರಬೇಕು ಅನ್ನೋದು ಆ ಕಟ್ಟಡಗಾರರಿಗೆ ಗೊತ್ತಿತ್ತು.

7/11
ಫೋಟೋ: ಒಣಗಿದ ಕಾರಂಜಿ ಗುಂಡಿ, ಒಳಗ ಎಲಿ, ಚಿಪ್ಸ್ ಪಾಕೀಟು

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ಸೈನ್ಯಕ್ಕೆ ವಿಜಯಪುರ ಶರಣಾಯಿತು. ಕೋಟೆ ಬಿದ್ದ ದಿನ ಗಂಜ್ ಬೀಳಲಿಲ್ಲ. ಬಾವಡಿ ಒಡೆಯಲಿಲ್ಲ. ಬೇಗಂ ತಾಲಾಬ್ ಬತ್ತಲಿಲ್ಲ. ಕಲ್ಲೆಲ್ಲ ಅಲ್ಲೇ ಇತ್ತು. ಹೋದದ್ದು ಏನು? ಸಂಬಳ ಕೊಡೋ ದರ್ಬಾರು ಹೋಯಿತು. ಅದರ ಹಿಂದೆ ಹೂಳು ತೆಗೆಯೋರು, ಕೊಳವೆ ಕೂಡಿಸೋರು, ಬಾವಡಿ ಕಾಯೋರು ಹೋದರು. ಊರಿನ ಜನವೇ ಕರಗಿತು. ಎತ್ತಿದ ನೀರು ಮೊದಲು ಸತ್ತಿತು: ಕಾರಂಜಿ, ಕಟ್ಟೆ ಮೇಲಿನ ಕೊಳ, ಗಂಜ್. ನೆಲದ ನೀರು, ಬಾವಡಿ ಮತ್ತು ಕೆರೆ, ಉಳಿಯಿತು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಅವರ ಕಣ್ಣಿಗೆ ಬಿದ್ದದ್ದು ಪಾಳು ಅರಮನೆಗಳು.

ಈ ಕ್ರಮಾನ ಗಮನಿಸ್ರಿ. ಕೈ ಬಿಟ್ಟಾಗ ಮೇಲಿನದ್ದು ಮೊದಲು ಹೋಗತೈತಿ, ಕೆಳಗಿನದ್ದು ತಡ ಮಾಡಿ ಹೋಗತೈತಿ. ತಡ ಮಾಡತೈತಿ ಅಷ್ಟೇ, ಉಳೀತೈತಿ ಅಂತಲ್ಲ. ನಳ ಬಂದ ಮೇಲೆ ಬಾವಡಿಗಳನ್ನ ನಾವೇ ಮರೆತೆವು. ಗಣಪತಿ ಬಿಡೋದು, ಕಸ ಒಗೆಯೋದು, ಬಟ್ಟಿ ತೊಳೆಯೋದು. ಕಳೆದ ದಶಕದಾಗ ತಾಜ್ ಬಾವಡಿ ಸೇರಿ ಹಲವು ಬಾವಡಿಗಳ ಹೂಳು ತೆಗೆಸಿದ್ರು. ಆಗ ಲಾರಿಗಟ್ಟಲೆ ಕೆಸರು ಹೊರಗ ಬಂತು. ಅರಸರ ಕಾಲದ ಬಾವಡಿಯಾಗ ನಮ್ಮ ಕಾಲದ ಪ್ಲಾಸ್ಟಿಕ್.

ನೀರನ್ನ ಕಟ್ಟಿದವರ ಹೆಸರು ಶಾಸನದಾಗ ಇರತೈತಿ. ನೀರನ್ನ ಉಳಿಸಿದವರ ಹೆಸರು ಎಲ್ಲೂ ಇರೂದಿಲ್ಲ. ಆದ್ರ ನೂರು ವರ್ಷ ನೀರು ಕುಡಿದದ್ದು ಅವರಿಂದ.

8/11
ಫೋಟೋ: ತಿಕೋಟಾ ಕಡೆಯ ದ್ರಾಕ್ಷಿ ಪಡ, ಪಕ್ಕದಾಗ ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡ

ಇದು ಹಳೇ ಕಥಿ ಅಂತ ತಿಳ್ಕೊಂಡ್ರ ತಪ್ಪು. ಈಗ ನಮ್ಮ ಸುತ್ತ ಎತ್ತಿದ ನೀರಿನ ದೊಡ್ಡ ಕಾಲ ನಡದೈತಿ.

ತಿಕೋಟಾ, ಬಬಲೇಶ್ವರ ಕಡೆ ಕೃಷ್ಣೆ ಹರಿಯೋದು ಕೆಳಗ, ಹೊಲ ಇರೋದು ಮ್ಯಾಲೆ. ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಜಮಖಂಡಿ ತಾಲೂಕಿನ ಕಡೆಯಿಂದ ಹೊಳೆ ನೀರನ್ನು ಪಂಪ್ ಮಾಡಿ ಏರಿಸಿ, ಈ ಭಾಗದ ಕೆರೆ, ಕಾಲುವೆಗಳಿಗೆ ಬಿಡುತ್ತಾರೆ. ಮುಹಮ್ಮದ್ ಆದಿಲ್ ಶಾಹ್ ಕಾಲದ ಮಮದಾಪುರದ ಕೆರೆಗಳೂ ಬಬಲೇಶ್ವರ ಸೀಮಿಯಾಗೇ ಅದಾವ. ಮಳಿಗಾಗಿ ಕಾಯ್ತಿದ್ದ ಕೆರೆಗಳಿಗೆ ಈಗ ಮೋಟಾರಿನ ಮೂಲಕ ನೀರು. ಎರಡು ಕಾಲ ಒಂದೇ ಏರಿ ಮ್ಯಾಲೆ ನಿಂತಂಗ.

ತಿಕೋಟಾದ ದ್ರಾಕ್ಷಿ ಬೆಳೆಗಾರರ ಕೃಷಿ ಹೊಂಡ ನೋಡಿದ್ರ ಅದು ನಿಮ್ಮ ಪೂಲಿನ ದೊಡ್ಡಣ್ಣ. ಸುತ್ತ ಮಣ್ಣಿನ ಒಡ್ಡು ಏರಿಸಿ, ಒಳಗ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೊಳವೆಬಾವಿಯ ಇಲ್ಲಾ ಟ್ಯಾಂಕರಿನ ನೀರು ತುಂಬಿಸಿರ್ತಾರ. ಹಾಳೆ ಇರೋದ್ರಿಂದ ನೀರು ಇಂಗೂದಿಲ್ಲ. ಆದ್ರ ನೆಲದ ಜೊತಿ ನೀರಿಗೆ ಮಾತುಕತಿಯೂ ಇಲ್ಲ. ಹಾಳೆ ಹರಿದ್ರ ಮುಗೀತು, ಕರೆಂಟ್ ಹೋದ್ರ ಮುಗೀತು.

ಸಣ್ಣವರಿಗೆ ಒಂದು ಮಾತು, ನಗಬ್ಯಾಡ್ರಿ: ಮೀನು ನೋಡಾಕಂತ ಒಬ್ಬೊಬ್ಬರೇ ಕೃಷಿ ಹೊಂಡಕ್ಕ ಇಳೀಬ್ಯಾಡ್ರಿ. ತೊಯ್ದ ಪ್ಲಾಸ್ಟಿಕ್ ಮ್ಯಾಲೆ ಕಾಲು ನಿಲ್ಲೂದಿಲ್ಲ, ಈಜು ಬರೋರೂ ಮ್ಯಾಲೆ ಹತ್ತಾಕ ಆಗೂದಿಲ್ಲ. ಬೇಲಿ, ಹಗ್ಗ, ಟಯರು ಇಲ್ಲದ ಹೊಂಡದಿಂದ ದೂರ ಇರ್ರಿ.

9/11
ಫೋಟೋ: ಹೊಂಡದ ಕಲ್ಲಿನ ಮ್ಯಾಲಿನ ಕಂದು ಲೋಳಿ, ಹತ್ತಿರದಿಂದ

ಈಗ ಮೀನಿಗೆ ಮರಳೋಣು. ಗಂಜಿನ ಕೆಸರು ಕಣ್ಣಿಗೆ ಕಾಣುತ್ತಿತ್ತು. ಮೀನಿನ ನೀರಿನ ಕೊಳಕು ಕಾಣುವುದಿಲ್ಲ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಗೆ ಬಿಡುತ್ತದೆ. ಅದು ಮೀನಿಗೇ ವಿಷ. ಹಳೆಯ ಹೊಂಡದಲ್ಲಿ ಕಲ್ಲು, ಗೋಡೆ, ಗಿಡದ ಬೇರಿನ ಮೇಲೆ ಕೂತ ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೆಟ್ಟದ್ದಲ್ಲ, ಗಿಡಕ್ಕೆ ಗೊಬ್ಬರ. ಈ ಕೆಲಸಗಾರರನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವನು ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ.

ಚಾಂದ್ ಬಾವಡಿ ಪಕ್ಕದ ಕೆಲಸಗಾರರ ಮನಿ ನೆನಪೈತಲ್ಲ? ಕಲ್ಲಿನ ಮ್ಯಾಲಿನ ಲೋಳಿ ಅಂದ್ರ ಅದೇ. ನೀರು ಕಾಯೋರ ಮನಿ. ಹೊಸ ಪೂಲಿನಾಗ ಗೋಡಿ ಫಳಫಳ ಹೊಳೀತೈತಿ, ಆದ್ರ ಒಬ್ಬ ಕಾವಲುಗಾರನೂ ಇಲ್ಲ. ಅವರು ಬಂದು ನೆಲೆಯೂರಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ನೀರು ಕನ್ನಡಿಯಂಗ ತಿಳಿಯಾಗಿದ್ರೂ ಮೀನು ಸಾಯೋದು ಇದಕ್ಕೇ.

ಎರಡನೇದು ಬಿಸಿ. ನೀರು ಕಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ, 35 ಡಿಗ್ರಿಯಲ್ಲಿ ಸುಮಾರು 7. ಹೊಂಡಕ್ಕೆ ನಾಲ್ಕೂ ಕಡೆ ಮಣ್ಣು ಇದೆ. ಪೂಲಿಗೆ ನಾಲ್ಕೂ ಕಡೆ ಬಿಸಿಗಾಳಿ.

ಮೂರನೇದು ತೂಕ. 10 ಅಡಿ ಅಡ್ಡಗಲದ ಪೂಲಿಗೆ ಎರಡೂವರೆ ಅಡಿ ನೀರು ಅಂದ್ರ ಸುಮಾರು 5,500 ಲೀಟರ್. ಐದೂವರೆ ಟನ್! ಚದರ ಮೀಟರಿಗೆ 750 ಕಿಲೋ ಮೇಲೆ. ಜನ ಓಡಾಡೋ ಟೆರೇಸಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯೋದು ಚದರ ಮೀಟರಿಗೆ 150 ಕಿಲೋ ಆಸುಪಾಸು. ಅದಕ್ಕೇ ಮೊದಲೇ ಅಂದೆ: ಟೆರೇಸ್ ಬ್ಯಾಡ. ಗಂಜ್ ಕಟ್ಟಿದವರು ಗೋಡೆ ಅಷ್ಟು ದಪ್ಪ ಯಾಕ ಕಟ್ಟಿದ್ರು ಅಂತ ಈಗ ತಿಳೀತಲ್ಲ?

10/11
ಫೋಟೋ: ಬಕೀಟಿನಾಗ ತೇಲೋ ಚೀಲ, ಒಳಗ ಎರಡು ಮೀನು

ಮೀನು ಸಾಗಿಸೋ ಕ್ರಮ. ಸೇವ್ ಮಾಡಿಟ್ಕೊಳ್ರಿ.

ಜಾಗ: ಅಂಗಳದಾಗ, ಗಟ್ಟಿ ಸಮನೆಲದ ಮ್ಯಾಲೆ, ಮಧ್ಯಾಹ್ನ ನೆರಳು ಬೀಳೋ ಕಡೆ. ಇಲ್ಲಾ ಮ್ಯಾಲೆ ಹಸಿರು ನೆರಳು ಬಲೆ ಕಟ್ರಿ. ಸಣ್ಣ ಮಕ್ಕಳಿರೋ ಮನಿಯಾಗ ಸುತ್ತ ತಡೆ ಬೇಕೇ ಬೇಕು.

ಪೂಲ್: ಹೊಸದಿದ್ರ ತೊಳೆದು, ನೀರು ತುಂಬಿಸಿ, ಒಮ್ಮೆ ಚೆಲ್ಲಿ ಮತ್ತೆ ತುಂಬಿಸ್ರಿ. ಮೊದಲು ಈಜಾಕ ಬಳಸಿದ್ದು, ಅದಕ್ಕ ಪಾಚಿ ನಾಶಕ ಹಾಕಿದ್ದು ಇದ್ರ ಮೀನಿಗೆ ಬ್ಯಾಡ. ಪಾಚಿ ಹಿಡಿಯದ ಔಷಧ ಲೇಪಿಸಿದ ಹಾಳೆಯ ಪೂಲೂ ಬ್ಯಾಡ.

ನೀರು: ನಳದ ನೀರಿನಾಗ ಕ್ಲೋರಿನ್ ಇರತೈತಿ, ಅದು ಕಿವಿರು ಸುಡತೈತಿ. ಒಂದೆರಡು ದಿನ ಬಿಸಿಲಿಗೆ ತೆರೆದಿಡ್ರಿ. ಅಕ್ವೇರಿಯಂ ಅಂಗಡಿಯಾಗ ಸಿಗೋ ಹೈಪೋ ಹರಳೂ ಆಗತೈತಿ. ಹಿಂದೆ ಫೋಟೋ ತೊಳೆಯೋ ಸ್ಟುಡಿಯೋದವರು ಬಳಸ್ತಿದ್ದದ್ದು ಅದೇ ಹೈಪೋ. ಬೋರ್‌ವೆಲ್ ನೀರಿನಾಗ ಕ್ಲೋರಿನ್ ಇರೂದಿಲ್ಲ, ಆದ್ರ ಆಮ್ಲಜನಕವೂ ಕಡಿಮಿ. ಎತ್ತರದಿಂದ ಸುರಿದು, ಗಾಳಿ ಆಡಿಸಿ ಬಳಸ್ರಿ.

ಕಾವಲುಗಾರರು: ಹಳೇ ಹೊಂಡದ ಕಲ್ಲು, ಗಿಡ, ಫಿಲ್ಟರಿನ ಸ್ಪಂಜು ತೊಳೀದ ತರ್ರಿ. ಮೂರನೇ ಒಂದು ಭಾಗದಷ್ಟಾದ್ರೂ ಹಳೇ ನೀರು ಸೇರಿಸ್ರಿ. ಫಿಲ್ಟರ್, ಗಾಳಿ ಪಂಪ್ ಹಗಲು-ರಾತ್ರಿ ಓಡಲಿ.

ಮೀನು: ನಸುಕಿನಾಗ ಸಾಗಿಸ್ರಿ. ಚೀಲಾನ ಹೊಸ ನೀರಿನ ಮ್ಯಾಲೆ 15-20 ನಿಮಿಷ ತೇಲಿ ಬಿಟ್ಟು, ಲೋಟ ಲೋಟ ಹೊಸ ನೀರು ಒಳಗ ಹಾಕಿ, ಆಮೇಲೆ ಬಿಡ್ರಿ. ಮೊದಲು ಒಂದೆರಡು. ವಾರ ಬಿಟ್ಟು ಉಳಿದವು. ಮೊದಲ ದಿನ ಊಟ ಬ್ಯಾಡ, ಮುಂದೂ ಸ್ವಲ್ಪ ಸ್ವಲ್ಪ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸ್ರಿ. ಮೀನು ಮ್ಯಾಲೆ ಬಂದು ಬಾಯಿ ಬಾಯಿ ಬಿಡಾಕತ್ತಿದ್ರ ತಕ್ಷಣ ಗಾಳಿ ಹೆಚ್ಚಿಸಿ, ನೀರು ಬದಲಿಸ್ರಿ.

ಹೆಚ್ಚಿನ ಮಾಹಿತಿಗೆ ಭೂತನಾಳದಾಗ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಐತಿ. ಬೀದರಿನ ಪಶು ವಿಶ್ವವಿದ್ಯಾಲಯಕ್ಕ ಸೇರಿದ್ದು. ಹೋಗಿ ಕೇಳ್ರಿ.

11/11
ಫೋಟೋ: ಮುಂಜಾನೆಯ ಬೇಗಂ ತಾಲಾಬ್

ಕೊನೇ ಮಾತು, ಮತ್ತ ಇದೇ ಮುಖ್ಯ.

ಪೂಲ್ ನೋಡ್ಕೊಳ್ಳಾಕ ಬ್ಯಾಸರ ಆತಂದ್ರ ಕೆಲವರು ಮಾಡೋದು ಏನು? "ಪಾಪ, ಬದುಕಲಿ" ಅಂತ ಮೀನನ್ನ ಬಾವಡಿಗೋ ಕೆರಿಗೋ ಬಿಡೋದು. ಸಾವಿರ ವರ್ಷದ ಹಿಂದಿನ ಬೌದ್ಧರ ಪುಣ್ಯವೇ ಅಲ್ಲೇನು ಅಂತ ಕೇಳಬಹುದು. ಅಲ್ಲ. ಅವರು ತಮ್ಮ ನಾಡಿನ ಮೀನನ್ನ ತಮ್ಮ ನಾಡಿನ ಕೊಳಕ್ಕೆ ಬಿಟ್ರು. ಗೋಲ್ಡ್‌ಫಿಶ್ ನಮ್ಮ ನೀರಿನದ್ದಲ್ಲ. ಅದು ತಳದ ಮಣ್ಣು ಕೆದಕಿ ನೀರು ಕದಡತೈತಿ, ಗಿಡ ಕೀಳತೈತಿ, ಬೇರೆ ಮೀನಿನ ತತ್ತಿ ತಿಂತೈತಿ. 2021ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಬರ್ನ್ಸ್‌ವಿಲ್ ಊರಿನವರು ತಮ್ಮ ಕೆರೆಯಿಂದ ಚೆಂಡಿನಷ್ಟು ದಪ್ಪ ಗೋಲ್ಡ್‌ಫಿಶ್ ಹಿಡಿದು, ದಯವಿಟ್ಟು ಸಾಕಿದ ಮೀನನ್ನ ಕೆರೆಗೆ ಬಿಡಬೇಡಿ ಅಂತ ಜನರನ್ನ ಕೇಳಿಕೊಂಡರು. ಅವೆಲ್ಲ ಯಾರೋ ಕರುಣೆಯಿಂದ ಬಿಟ್ಟ ಸಣ್ಣ ಮೀನುಗಳೇ.

ಸಾಕಾಕ ಆಗದಿದ್ರ ಅಂಗಡಿಗೆ ವಾಪಸ್ ಕೊಡ್ರಿ, ಗೆಳೆಯರಿಗೆ ಕೊಡ್ರಿ. ಇಲ್ಲಿ ಕಮೆಂಟ್ ಹಾಕ್ರಿ, ಬೇಕಾದವರು ಸಿಗ್ತಾರ. ಇನ್ನೂ ತಂದಿಲ್ಲಂದ್ರ ತರೋಕ್ಕಿಂತ ಮುಂಚೆ ಲೆಕ್ಕ ಹಾಕ್ರಿ. ಇಂಗ್ಲೆಂಡಿನಾಗ ಟಿಶ್ ಅನ್ನೋ ಗೋಲ್ಡ್‌ಫಿಶ್ 43 ವರ್ಷ ಬದುಕಿತ್ತು. 1956ರಾಗ ಜಾತ್ರಿಯೊಳಗ ಆಟ ಗೆದ್ದು ತಂದದ್ದು, 1999ರಾಗ ಸತ್ತದ್ದು. ನಾವು ಹತ್ತನೇ ಕ್ಲಾಸಿನಾಗ ತಂದ ಮೀನು ನಮ್ಮ ಮದುವಿಗೂ ಇರಬಹುದು. ಕಾಲೇಜಿಗೆ ಅಂತ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಮ್ಯಾಲೆ ವಾರ ವಾರ ನೀರು ಬದಲಿಸೋರು ಯಾರು? ಅವ್ವನೇನು? ಆಕಿನ್ನ ಮೊದಲೇ ಕೇಳೀರೇನು?

ಆದಿಲ್ ಶಾಹಿಗಳ ನೀರು ಸೋತದ್ದು ತಂತ್ರಜ್ಞಾನ ಇಲ್ಲದ ಅಲ್ಲ. ನೋಡ್ಕೊಳ್ಳೋರು ಇಲ್ಲದ. ಇವತ್ತು ತಿಕೋಟಾ, ಬಬಲೇಶ್ವರಕ್ಕೆ ಏರಿ ಬರೋ ಕೃಷ್ಣೆಗೂ ಅದೇ ಪ್ರಶ್ನೆ, ಅಂಗಳದ ಪೂಲಿಗೂ ಅದೇ ಪ್ರಶ್ನೆ: ಎತ್ತಿದ್ದೇನೋ ಖರೆ, ಕಾಯೋರು ಯಾರು?

ನಿಮ್ಮ ಓಣಿಯಾಗ ಗಂಜ್ ಇದ್ರ, ಬಾವಡಿ ಇದ್ರ ಒಂದು ಫೋಟೋ ತೆಗೆದು ಟ್ಯಾಗ್ ಮಾಡ್ರಿ. ಈಗ ಅದನ್ನ ಯಾರು ನೋಡ್ಕೋತಾರ ಅಂತ ಕೇಳಿ, ಅದನ್ನೂ ಬರೀರಿ. ಮುಂದಿನ ಸರಣಿ ನಿಮ್ಮ ಫೋಟೋಗಳಿಂದನೇ ಮಾಡೋಣು.

#ವಿಜಯಪುರ #ಬಾವಡಿ #ಗಂಜ್ #ಬೇಗಂತಾಲಾಬ್ #ತಿಕೋಟಾ #ಬಬಲೇಶ್ವರ #ಗೋಲ್ಡ್‌ಫಿಶ್ #ನಮ್ಮೂರಇತಿಹಾಸ #ಕೆರಿಗೆಬಿಡಬ್ಯಾಡ್ರಿ